ಹಾಜರಿ ಪುಸ್ತಕದ ಹಿಂಬದಿ

ಬೆಳಗಿನ ಮೂರಕ್ಕೆ ಮೈಯೊಳಗೆ ಯಾರೋ
ಒಲೆ ಹಚ್ಚುತ್ತಾರೆ.
ಪೊನ್ನಂಪೇಟೆಯ ಚಳಿಗೆ ಕಿಟಕಿ ತೆರೆದು
ಕಂಬಳಿ ಒದ್ದು ಕೂರುತ್ತೇನೆ,
ನಲವತ್ತೆಂಟರ ಪೀಟಿ ಟೀಚರು.
ಗಂಡ ನನ್ನ ಪಾಲಿನ ಕಂಬಳಿಯನ್ನೂ ಸೇರಿಸಿಕೊಂಡು
ಮಗ್ಗುಲಾಗುತ್ತಾನೆ.

ಸಂಜೆಯ ಕಾಪಿ ಬಿಡಿ ಎಂದರು ಡಾಕ್ಟರು.
ನಗು ಬಂತು. ನಾಲ್ಕು ದಿಕ್ಕಿಗೂ ಕಾಪಿಯೇ ನಿಂತ ಊರಿನಲ್ಲಿ
ಎಲ್ಲಿ ಅಂತ ಬಿಡಲಿ?
ಆದರೂ ಬಿಟ್ಟೆ. ಬೆಲ್ಲದ ಕಾಪಿಯ ಬದಲು ಜೀರಿಗೆ ನೀರು.
ಮುಖ ಮಾತ್ರ ಇನ್ನೂ ಕಾಪಿಯ ಕಡೆಗೇ.

ದೇಚಕ್ಕನದು ನನ್ನ ತಿರುವುಮುರುವು.
ಹದಿನೇಳು. ಲೆಫ್ಟ್ ಇನ್. ಚೆಂಡು ಅವಳ ಕೋಲಿಗೆ ಅಂಟಿದರೆ
ಗೋಲಿನಲ್ಲೇ ಬಿಡುಗಡೆ.
ಒಂದು ದಿನ ಗೋಲುಕಂಬದ ಹಿಂದೆ ಕೂತು
ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ
ಹೇಳಿದಳು: "ಏಳು ತಿಂಗಳಾಯ್ತು ಟೀಚರ್, ಮುಟ್ಟಾಗಿ.
ಒಳ್ಳೇದೇ ಅಲ್ವಾ? ಟೂರ್ನಮೆಂಟಿಗೆ ತೊಂದರೆ ಇಲ್ಲ."

ಗೋಣಿಕೊಪ್ಪಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ.
ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು.
ಕೊನೆಗೆ ಡಾಕ್ಟರಮ್ಮ ಕೇಳಿದ್ದು ಇಷ್ಟೇ:
"ಬೆಳಿಗ್ಗೆ ಏನು ಮಾಡ್ತೀಯ?"
"ಓಡ್ತೀನಿ."
"ತಿನ್ನೋದು?"
ಹುಡುಗಿ ನನ್ನ ಕಡೆ ನೋಡಿದಳು.

ತೂಕ ಇಳಿಸು, ಕಾಲಿಗೆ ಗಾಳಿ ಬರುತ್ತದೆ
ಅಂತ ಹೋದ ದಸರೆಯಲ್ಲಿ ಕೂಗಿದ್ದು ಯಾರ ಗಂಟಲು?
ಕೊರಳಿನ ಸೀಟಿ
ಅವತ್ತಿಡೀ ಕಲ್ಲಿನಂತೆ ತೂಗಿತು.

ಮೈ ಅಂದರೆ ಲೆಕ್ಕದ ಮನೆಯೊಡತಿ, ದೇಚಕ್ಕ.
ಅಕ್ಕಿ ಕಡಿಮೆಯಾದರೆ ಮೊದಲು
ನೆಂಟರ ಕೋಣೆಯ ದೀಪ ಆರಿಸುತ್ತಾಳೆ.

ಶುರುವಾಯಿತು ನಮ್ಮಿಬ್ಬರ ಗುಟ್ಟಿನ ಅಭ್ಯಾಸ.
ಸ್ಟೀಲಿನ ಡಬ್ಬಿಯಲ್ಲಿ ಅವಳಿಗೆ ಕಡಂಬುಟ್ಟು, ಮೊಟ್ಟೆ ಸಾರು,
ಎಳ್ಳುಂಡೆ; ಸಾಕು ಎಂದ ಮೇಲೂ ಇನ್ನೊಂದು.
ಭಾನುವಾರ ಓಡುವಂತಿಲ್ಲ.
ರಾತ್ರಿ ಹತ್ತಕ್ಕೆ ಫೋನು ವಾರ್ಡನ್ ಕೈಗೆ.
ನನಗೆ ಹುರುಳಿ, ಸೊಪ್ಪು,
ಬಿಸಿಲು ಕಂಡರೆ ನಡಿಗೆ, ಕಾಣದಿದ್ದರೆ ಜಗಲಿಯಲ್ಲೇ,
ಮರಳು ತುಂಬಿದ ಚೀಲ ಎತ್ತಿ ಇಳಿಸುವುದು, ಮೂಳೆಗಂತೆ,
ಮತ್ತು ನಾದಿನಿಯ ಫೋನು ಎಂಟರ ಮೇಲೆ ತೆಗೆಯದಿರುವುದು.
ಎಲ್ಲಕ್ಕಿಂತ ಕೆಲಸ ಮಾಡಿದ್ದು ಅದೇ ಇರಬೇಕು.

ಹಾಜರಿ ಪುಸ್ತಕದ ಹಿಂಬದಿಯಲ್ಲಿ ಎರಡು ಸಾಲು:
ಅವಳದು, ನನ್ನದು.
ಎರಡರಲ್ಲೂ ತಿಂಗಳುಗಟ್ಟಲೆ ಗೈರು.

ಕಕ್ಕಡ ಹದಿನೆಂಟು. ಮದ್ದುಸೊಪ್ಪಿನ ಪಾಯಸ,
ನೇರಳೆ ಬಣ್ಣ, ಕಾಡಿನ ಘಮ.
ಹದಿನೆಂಟು ಮದ್ದು ಇದರಲ್ಲಿ ಎನ್ನುತ್ತಾರೆ ನಮ್ಮತ್ತೆ;
ನನ್ನದು ಹತ್ತೊಂಬತ್ತನೆಯ ಕಾಯಿಲೆ,
ಆದರೂ ಎರಡು ಬಟ್ಟಲು ತಿಂದೆ, ಹಾಸ್ಟೆಲಿಗೂ ಕಳಿಸಿದೆ.
ಮಾರನೆಯ ದಿನ ದೇಚಕ್ಕ ಕುಣಿಯುತ್ತ ಬಂದಳು:
"ಟೀಚರ್, ಕೆಂಪು!"
ಹೇಳಬೇಕಾಯಿತು, ಅದು ಪಾಯಸದ ಬಣ್ಣ ಕಣೇ,
ಬಚ್ಚಲಲ್ಲಿ ನನಗೂ ಹಾಗೇ.
ಇಬ್ಬರೂ ನಕ್ಕೆವು. ಆಮೇಲೆ ಅವಳು
ಸ್ವಲ್ಪ ಹೊತ್ತು ಚೆಂಡು ಮುಟ್ಟಲಿಲ್ಲ.

ಕೈಲ್‌ಪೊಳ್ದ್ ಕಳೆದು, ಗದ್ದೆಗೆ ನೆಟ್ಟ ಪೈರು ಬೇರು ಹಿಡಿದ ಮೇಲೆ
ಒಂದು ಗುರುವಾರ, ವಾರ್ಮಪ್ಪಿನ ನಡುವೆ
ಸಾಲು ಬಿಟ್ಟು ಬಂದು ಕಿವಿಯಲ್ಲಿ:
"ಇವತ್ತು ನಿಜವಾದ್ದು. ಪಾಯಸ ತಿಂದಿಲ್ಲ."

ಚೀಲಕ್ಕೆ ಕೈ ಹಾಕಿದೆ. ತಳದಲ್ಲಿ,
ಬ್ಯಾಂಡೇಜು, ಕಿತ್ತಳೆ ಸಿಪ್ಪೆ, ಹಳೆಯ ಸ್ಕೋರ್‌ಶೀಟುಗಳ ಅಡಿಯಲ್ಲಿ
ಬೇಕಾದೀತೆಂದು ಐದು ತಿಂಗಳಿಂದ ಹೊತ್ತು ತಿರುಗಿದ ಪೊಟ್ಟಣ,
ಒಡೆಯದ್ದು, ಅಂಚು ಸವೆದದ್ದು.
ಕೊಟ್ಟೆ. ಇಡೀ ಪೊಟ್ಟಣ.
"ನಿಮಗೆ?" ಅಂದಳು.
ಓಡು, ಅಂದೆ. ಅಲ್ಲ, ಓಡಬೇಡ. ನಡಿ.

ಸೀಟಿ ಊದಿದೆ.
ಬೆನ್ನಿನುದ್ದಕ್ಕೂ ಆ ಒಲೆ ಮತ್ತೆ ಹೊತ್ತಿತು.
ಮಂಜಿನಲ್ಲಿ ನಿಂತು ಸ್ವೆಟರ್ ಬಿಚ್ಚಿದೆ.
ಕೈ ಉಜ್ಜಿಕೊಳ್ಳುತ್ತಿದ್ದ ಇಪ್ಪತ್ತೊಂದು ಹುಡುಗಿಯರ ನಡುವೆ
ಚಳಿಯಿಲ್ಲದವಳು ನಾನೊಬ್ಬಳೇ.